ಮರಳಿ ಬರುವವರ ಪಟ್ಟಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಹಳೆಯ ಕಟ್ಟಡ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯುವುದಕ್ಕೆ ಈಗ ಬಗೆಬಗೆಯ ಯಂತ್ರಗಳಿವೆ. ಆದರೂ ನನ್ನ ಚೀಲದಲ್ಲಿ ಒಂದು ಚಿಕ್ಕ ಸುತ್ತಿಗೆ ಯಾವಾಗಲೂ ಇರುತ್ತದೆ. ತಾರಸಿಯ ಅಡಿಭಾಗವನ್ನು ಅದರಿಂದ ತಟ್ಟಿದಾಗ ಗಟ್ಟಿ ಕಾಂಕ್ರೀಟಾದರೆ ಠಣ್ ಎನ್ನುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಪದರ ಬಿಟ್ಟಿದ್ದರೆ, ಕಳಿತ ಕಲ್ಲಂಗಡಿ ತಟ್ಟಿದ ಹಾಗೆ, ಬೊದ್ ಎನ್ನುತ್ತದೆ. ಅಹಮದಾಬಾದಿನ ಪೂರ್ವ ಅಂಚಿನ ನರೋಡಾದಲ್ಲಿ, ಸರ್ಕಾರ ಕಟ್ಟಿಸಿದ ಒಂದು ಹಳೆಯ ವಸತಿ ಕಾಲೊನಿಯ ಮೂರನೇ ಮಹಡಿಯಲ್ಲಿ ಒಮ್ಮೆ ಹೀಗೆ ತಟ್ಟುತ್ತಾ ನಿಂತಿದ್ದೆ. ಮನೆಯಾಕೆ ಮಕ್ಕಳು ಮಲಗುವ ಜಾಗದ ಮೇಲೆ ಹಳೆಯ ಸೀರೆಯೊಂದನ್ನು ನಾಲ್ಕು ಮೊಳೆಗೆ ಬಿಗಿದು ಕಟ್ಟಿದ್ದರು. ರಾತ್ರಿ ಉದುರುವ ಗಾರೆಯ ಹಕ್ಕಳೆ ಸೀರೆಯಲ್ಲೇ ನಿಲ್ಲಲಿ ಎಂದು. ಆ ಹಕ್ಕಳೆಗೆ ಅಲ್ಲಿನವರು ಪೋಪಡಾ ಎನ್ನುತ್ತಾರೆ. ಸೀರೆಯ ನಡುವೆ ಬೊಗಸೆಯಷ್ಟು ಪೋಪಡಾ ಕೂಡಿತ್ತು.

ನಾನು ಜೊತೆಯವನಿಗೆ ಕನ್ನಡದಲ್ಲಿ ಏನೋ ಅಂದೆ. ಆಕೆ ಥಟ್ಟನೆ ತಿರುಗಿ, "ನೀವು ಯಾವ ಊರವ್ರರೀ ಸಾಹೇಬ್ರ?" ಎಂದು ಕೇಳಿದರು. ಅವರ ತವರು ನಮ್ಮ ಕಲಬುರಗಿ ಕಡೆಯದು. ಮದುವೆಯಾಗಿ ಬಂದು ಮೂವತ್ತು ವರ್ಷ ಕಳೆದಿದ್ದರೂ ಭಾಷೆಯಲ್ಲಿ ಒಂದಿಷ್ಟೂ ಸವಕಳಿ ಇರಲಿಲ್ಲ. ತಾರಸಿ ಅಪಾಯದಲ್ಲಿದೆ ಅಕ್ಕಾ, ಇಲ್ಲಿ ಇರಬೇಡಿ ಎಂದೆ. ಆಕೆ ಹೇಳಿದ್ದು ಇಷ್ಟು: "ಬೀಳ್ತದ ಅಂತ ನಮಗ ಗೊತ್ತದರಿ. ಬಿಡು ಅಂದ್ರ ಬಿಡ್ತೀವಿ. ತಿರುಗಿ ಯಾವಾಗ ಕರೀತೀರಿ, ಅದನ್ನ ಹೇಳ್ರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕಾಂಕ್ರೀಟಿನ ಮನುಷ್ಯ. ನನ್ನ ವರದಿಯಲ್ಲಿ ತೊಲೆಗೆ, ಕಂಬಕ್ಕೆ, ಸಜ್ಜಾಕ್ಕೆ ಅಂಕಣಗಳಿದ್ದವು. ಆ ಪ್ರಶ್ನೆಗೆ ಅಂಕಣ ಇರಲಿಲ್ಲ. ಅದಾದ ಮೇಲೆ ಎಷ್ಟು ಕಟ್ಟಡ ನೋಡಿದರೂ ನನ್ನನ್ನು ಹಿಂಬಾಲಿಸಿದ್ದು ಅದೇ ಪ್ರಶ್ನೆ. ಈ ದತ್ತಿಯನ್ನು ಇಟ್ಟ ಕುಟುಂಬದ ಹಿರಿಯರು ಗಾರೆ ಕೆಲಸದ ಮೇಸ್ತ್ರಿಯಾಗಿದ್ದರೆಂದು ತಿಳಿದಾಗ, ಇವತ್ತು ಮಾತಾಡಬೇಕಾದದ್ದು ಇದರ ಬಗ್ಗೆಯೇ ಅನ್ನಿಸಿತು. ಸರ್ಕಾರಿ ಗೃಹ ಮಂಡಳಿ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವಾಗ, ಅಲ್ಲಿದ್ದವರು ಮರಳಿ ಅಲ್ಲಿಗೇ ಬರುತ್ತಾರೆಯೇ?

ಮೊದಲು ನರೋಡಾ ಎಂಥ ಊರು ಎಂದು ಹೇಳುತ್ತೇನೆ. ಅಹಮದಾಬಾದ್ ಎಂದೊಡನೆ ನಮ್ಮವರಿಗೆ ಸಾಬರಮತಿ ಆಶ್ರಮ, ಹಳೆಯ ಊರಿನ ಪೋಳ ಎಂಬ ಇಕ್ಕಟ್ಟು ಕೇರಿಗಳು, ಈಚಿನ ನದೀತೀರದ ಉದ್ಯಾನ ನೆನಪಾಗುತ್ತವೆ. ಆದರೆ ಆ ನಗರಕ್ಕೆ ಅನ್ನ ಹಾಕಿದ್ದು ನದಿಯ ಪೂರ್ವ ದಂಡೆ. ರಣಛೋಡಲಾಲ್ ಛೋಟಾಲಾಲರ ಮೊದಲ ಬಟ್ಟೆ ಗಿರಣಿ 1861ರಲ್ಲಿ ಶುರುವಾಯಿತು. ಮುಂದೆ ಕೋಟೆಗೋಡೆಯ ಹೊರಗೆ, ರೈಲು ಹಳಿಯ ಆಚೆಗೆ, ಗಿರಣಿಯ ಪಕ್ಕ ಗಿರಣಿ ಎದ್ದವು. 1931ರ ಅರವಿಂದ್ ಮಿಲ್ಸ್ ಇರುವುದು ನರೋಡಾ ರಸ್ತೆಯಲ್ಲೇ. ಗಿರಣಿಯ ನೆರಳಲ್ಲಿ ಚಾಳಿಗಳು ಬೆಳೆದವು: ಉದ್ದನೆಯ ಸಾಲು, ಒಂದೊಂದೇ ಕೋಣೆ, ಸಾಲಿನ ಕೊನೆಗೆ ಎಲ್ಲರಿಗೂ ಸೇರಿ ನಲ್ಲಿ ಮತ್ತು ಪಾಯಿಖಾನೆ. 1947ರ ನಂತರ ಸಿಂಧ್‌ನಿಂದ ಬಂದ ನಿರಾಶ್ರಿತರು ಪಕ್ಕದ ಕುಬೇರನಗರ, ಸರ್ದಾರನಗರಗಳಲ್ಲಿ ನೆಲೆ ನಿಂತರು. 1962ರ ಕಾಯಿದೆಯಿಂದ ಹುಟ್ಟಿದ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ ನರೋಡಾದಲ್ಲಿ ಕೈಗಾರಿಕಾ ವಸಾಹತು ತೆರೆಯಿತು. 1966ರಲ್ಲಿ ಧೀರೂಭಾಯಿ ಅಂಬಾನಿ ತಮ್ಮ ಬಟ್ಟೆ ಕಾರ್ಖಾನೆಯನ್ನು ಹಾಕಿದ್ದೂ ಇಲ್ಲೇ. ಬಣ್ಣದ ಕಾರ್ಖಾನೆ, ರಾಸಾಯನಿಕ ಕಾರ್ಖಾನೆ, ಲೇತ್ ಅಂಗಡಿಗಳು ಬಂದವು. ಅವುಗಳ ಹಿಂದೆ ದುಡಿಯುವವರು ಬಂದರು: ಸೌರಾಷ್ಟ್ರದಿಂದ, ರಾಜಸ್ಥಾನದಿಂದ, ಉತ್ತರ ಪ್ರದೇಶದಿಂದ, ಮಹಾರಾಷ್ಟ್ರದಿಂದ, ನಮ್ಮ ಕರ್ನಾಟಕದಿಂದ.

ಇವರಿಗೆ ಮನೆ ಬೇಕು ಎಂಬುದನ್ನು ಸರ್ಕಾರ ತನ್ನ ಕರ್ತವ್ಯವೆಂದು ಒಪ್ಪಿಕೊಂಡ ಕಾಲ ಒಂದಿತ್ತು. ಮುಂಬಯಿ ಗೃಹ ಮಂಡಳಿ ಕಾಯಿದೆ ಬಂದದ್ದು 1948ರಲ್ಲಿ. ಕೈಗಾರಿಕಾ ಕಾರ್ಮಿಕರಿಗೆ ಸಹಾಯಧನದ ಮನೆ ಕೊಡುವ ಕೇಂದ್ರದ ಯೋಜನೆ 1952ರದು. 1960ರ ಮೇ 1ರಂದು ಗುಜರಾತ್ ಬೇರೆ ರಾಜ್ಯವಾದ ಮೇಲೆ, 1961ರ ಕಾಯಿದೆಯಿಂದ ಗುಜರಾತ್ ಗೃಹ ಮಂಡಳಿ ರೂಪುಗೊಂಡಿತು. ನಮ್ಮ ಗೃಹ ಮಂಡಳಿಯ ಕಾಯಿದೆ 1962ರದು, ಹೆಚ್ಚುಕಡಿಮೆ ಓರಗೆಯದು. ಅಹಮದಾಬಾದಿನಲ್ಲಿ ಜನ ಅದಕ್ಕೆ ಇಡೀ ಹೆಸರು ಹೇಳುವುದಿಲ್ಲ. "ನಾವು ಹೌಸಿಂಗ್‌ನಲ್ಲಿ ಇರುವುದು" ಎಂದರೆ ಸಾಕು, ರಿಕ್ಷಾದವನಿಗೆ ತಿಳಿಯುತ್ತದೆ. ಬಾಪುನಗರ, ನರೋಡಾ, ನದಿಯಾಚೆಯ ನಾರಣಪುರಾ ಎಲ್ಲೆಡೆ ಮೂರು ನಾಲ್ಕು ಅಂತಸ್ತಿನ, ಲಿಫ್ಟ್ ಇಲ್ಲದ, ಹಳದಿ ಸುಣ್ಣದ ಆ ಬ್ಲಾಕುಗಳು ಎದ್ದವು. ಕಂತಿನ ಮೇಲೆ ಖರೀದಿ. ಕಂತು ತೀರಿದ ಮೇಲೆ ದಸ್ತಾವೇಜು. ಚಾಳಿಯ ಸಾಮೂಹಿಕ ಪಾಯಿಖಾನೆಯಿಂದ ಬಂದವರಿಗೆ ಮನೆಯೊಳಗೇ ಬಚ್ಚಲು, ಅಡುಗೆಗೆ ಬೇರೆ ಕೋಣೆ ಸಿಕ್ಕಿದ್ದು ಎಂಥ ಏಳಿಗೆ ಎಂಬುದನ್ನು, ಇಂದು ಆ ಬ್ಲಾಕುಗಳ ಬಿರುಕು ನೋಡಿ ಮೂಗು ಮುರಿಯುವವರು ಮರೆಯಬಾರದು.

ಈ ಬ್ಲಾಕುಗಳು ಏಕೆ ಹಾಳಾದವು? ಇದು ನನ್ನ ಕಸುಬಿನ ಮಾತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು. ಒಳಗಿಂದ ಉಬ್ಬುವ ಸರಳು ತನ್ನ ಮೈಮೇಲಿನ ಕಾಂಕ್ರೀಟನ್ನು ಸೀಳಿ ದೂಡುತ್ತದೆ. ಸೀಳಿದ ಕಡೆ ನೀರು ಇಳಿಯುತ್ತದೆ, ನೀರಿಳಿದಷ್ಟೂ ತುಕ್ಕು ಹೆಚ್ಚುತ್ತದೆ. ಸರಳಿನ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟು ಇದ್ದರೆ ಇದು ಶುರುವಾಗುವುದೇ ಎಷ್ಟೋ ದಶಕದ ನಂತರ. ಕಟ್ಟುವಾಗ ಆ ದಪ್ಪದಲ್ಲಿ ಅರ್ಧ ಇಂಚು ಕಡಿತ ಮಾಡಿದರೆ ಇಪ್ಪತ್ತೇ ವರ್ಷಕ್ಕೆ ಶುರು. ಮೇಲಿನ ಮನೆಯ ಬಚ್ಚಲಿನಿಂದ ಸೋರುವ ನೀರು ಕೆಳಗಿನ ಮನೆಯ ತಾರಸಿಗೆ ಇಳಿಯುತ್ತದೆ. ಚಾವಣಿಯ ನೀರಿನ ಟಾಕಿ ತುಂಬಿ ಹರಿದು ಮೆಟ್ಟಿಲ ಗೋಡೆಯನ್ನು ವರ್ಷಗಟ್ಟಲೆ ನೆನೆಸುತ್ತದೆ. ಸಂಸಾರ ದೊಡ್ಡದಾದಾಗ ಬಾಲ್ಕನಿಗೆ ಗೋಡೆ ಹಾಕಿ ಕೋಣೆ ಮಾಡಿಕೊಳ್ಳುತ್ತಾರೆ; ಆ ಭಾರಕ್ಕೆಂದು ಕಟ್ಟಿರದ ಚಾಚು ಬಾಗುತ್ತದೆ. ಇವೆಲ್ಲ ರಿಪೇರಿ ಮಾಡಬಹುದಾದ ಕೆಡುಕುಗಳೇ. ಮಾಡುವವರು ಯಾರು ಎಂಬಲ್ಲೇ ತೊಡಕು. ಮನೆ ಮಾರಿಯಾಯಿತು, ಇನ್ನು ನಿಮ್ಮದು ಎನ್ನುತ್ತದೆ ಮಂಡಳಿ. ದಸ್ತಾವೇಜೇ ಆಗಿಲ್ಲ, ಮನೆ ಇನ್ನೂ ನಿಮ್ಮದೇ ಎನ್ನುತ್ತಾರೆ ನಿವಾಸಿಗಳು. ಮಧ್ಯೆ ಮಳೆಗಾಲಗಳು ಕಳೆಯುತ್ತವೆ.

ಅದರ ಬೆಲೆ ಎಷ್ಟೆಂದು ಗುಜರಾತ್ ಕಂಡಿದೆ. 2013ರ ಆಗಸ್ಟ್ 28ರಂದು ವಡೋದರಾದ ಅಟಲಾದರಾದಲ್ಲಿ, ಬಡವರಿಗೆಂದು ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದ್ದ ಮಾಧವನಗರದ ಎರಡು ಕಟ್ಟಡ ಕುಸಿದು 11 ಜನ ಸತ್ತರು. ಆ ಕಟ್ಟಡಗಳಿಗೆ ಒಂದೂವರೆ ದಶಕವೂ ತುಂಬಿರಲಿಲ್ಲ. 2018ರ ಆಗಸ್ಟ್ 26ರ ರಾತ್ರಿ, ನರೋಡಾದಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕಿರುವ ಓಢವದಲ್ಲಿ, ಸರ್ಕಾರಿ ವಸತಿಯ ನಾಲ್ಕಂತಸ್ತಿನ ಎರಡು ಬ್ಲಾಕು ಕುಸಿದವು. ಬಿರುಕು ಕಂಡ ಅಧಿಕಾರಿಗಳು ಮುಂಚೆಯೇ ಖಾಲಿ ಮಾಡಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆದರೂ ಕೆಲವರು ಒಳಗೆ ಸಿಕ್ಕಿಕೊಂಡರು, ಒಬ್ಬರು ಸತ್ತರು. ಖಾಲಿ ಮಾಡಿದ ಮೇಲೂ ಜನ ಬೀಳುವ ಮನೆಗೆ ಏಕೆ ಮರಳುತ್ತಾರೆ ಎಂದು ಸುದ್ದಿ ಓದಿದ ಸ್ನೇಹಿತರೊಬ್ಬರು ಕೇಳಿದರು. ನನಗೆ ನರೋಡಾದ ಆ ಅಕ್ಕನ ಮಾತು ನೆನಪಾಯಿತು. ಇರುವ ಒಂದೇ ಮನೆಯಿಂದ ಹೊರಗೆ ಕಾಲಿಟ್ಟವರಿಗೆ ಮುಂದೆ ಹೋಗುವುದು ಎಲ್ಲಿಗೆ ಎಂದು ಯಾರಾದರೂ ಹೇಳಬೇಕಲ್ಲ.

ಹಾಗಾದರೆ ಕೆಡವಿ ಕಟ್ಟಬೇಕು. ಅದರಲ್ಲಿ ಎರಡು ಮಾತಿಲ್ಲ. ಹೇಗೆ ಎಂಬುದಕ್ಕೆ ಗುಜರಾತ್ 2016ರಲ್ಲಿ ಸಾರ್ವಜನಿಕ ವಸತಿಗಳ ಪುನರಾಭಿವೃದ್ಧಿ ಯೋಜನೆಯೊಂದನ್ನು ತಂದಿತು. ಸಾರಾಂಶ ಇಷ್ಟು: ಮಂಡಳಿಯದೋ ನಗರಪಾಲಿಕೆಯದೋ ಆದ ಹಳೆಯ ಕಾಲೊನಿಯನ್ನು ಖಾಸಗಿ ಕಟ್ಟಡಗಾರ ತನ್ನ ಖರ್ಚಿನಲ್ಲಿ ಕೆಡವುತ್ತಾನೆ. ಹಳೆಯ ನಿವಾಸಿಗಳಿಗೆ ಮೊದಲಿಗಿಂತ ಶೇ. 40ರಷ್ಟು ದೊಡ್ಡ ಮನೆಯನ್ನು ಅದೇ ಜಾಗದಲ್ಲಿ ಉಚಿತವಾಗಿ ಕಟ್ಟಿಕೊಡುತ್ತಾನೆ. ಕಟ್ಟುವವರೆಗೆ ಬೇರೆ ಮನೆಯನ್ನೋ ಬಾಡಿಗೆಯನ್ನೋ ಕೊಡುತ್ತಾನೆ. ಇದಕ್ಕೆ ಪ್ರತಿಯಾಗಿ ಅದೇ ಜಮೀನಿನಲ್ಲಿ ಹೆಚ್ಚುವರಿ ಮನೆ, ಅಂಗಡಿ ಕಟ್ಟಿ ಮಾರಿಕೊಳ್ಳುತ್ತಾನೆ. ಖಾಸಗಿ ಫ್ಲ್ಯಾಟುಗಳಿಗೂ 2018ರಲ್ಲಿ ಕಾಯಿದೆ ತಿದ್ದಿ, 25 ವರ್ಷ ದಾಟಿದ ಕಟ್ಟಡಕ್ಕೆ ಶೇ. 75ರಷ್ಟು ಮಾಲೀಕರ ಒಪ್ಪಿಗೆ ಸಾಕು ಎಂದು ಮಾಡಲಾಯಿತು. ಅದಕ್ಕೆ ಮುಂಚೆ ಒಬ್ಬರು ಅಡ್ಡ ನಿಂತರೂ ಇಡೀ ಕಟ್ಟಡ ಬೀಳುವ ತನಕ ಕಾಯಬೇಕಿತ್ತು.

ಈ ಏರ್ಪಾಟನ್ನು ನಾನು ತಳ್ಳಿಹಾಕುವುದಿಲ್ಲ. ಸರ್ಕಾರದ ಬೊಕ್ಕಸದಿಂದ ಕಾಸು ಖರ್ಚಾಗದೆ ಬಡವರಿಗೆ, ಮಧ್ಯಮ ವರ್ಗದವರಿಗೆ ಅದೇ ಜಾಗದಲ್ಲಿ ದೊಡ್ಡ ಮನೆ ಸಿಗುವುದಾದರೆ ಒಳ್ಳೆಯದೇ. ಆದರೆ ಇದರ ಹೊಟ್ಟೆಯಲ್ಲಿ ಒಂದು ಲೆಕ್ಕ ಅಡಗಿದೆ. ಅದನ್ನು ನಿಮ್ಮೆದುರು ಹರಡಬೇಕು, ಏಕೆಂದರೆ ನರೋಡಾದ ಕಥೆ ಇರುವುದು ಆ ಲೆಕ್ಕದಲ್ಲಿ. ಮಾದರಿಗೆ ಹಿಡಿದ ಅಂಕಿಗಳಿವು, ಯಾವ ಕಾಲೊನಿಯ ನಿಜ ಅಂಕಿಯೂ ಅಲ್ಲ. ನೂರು ಮನೆಯ ಒಂದು ಕಾಲೊನಿ. ಒಂದೊಂದು ಮನೆ 30 ಚದರ ಮೀಟರ್. ಶೇ. 40 ಸೇರಿಸಿದರೆ 42. ನೂರು ಮನೆಗೆ 4,200. ಮೆಟ್ಟಿಲು, ಲಿಫ್ಟು, ಗೋಡೆಯ ದಪ್ಪ ಎಲ್ಲ ಕೂಡಿಸಿದರೆ ಸುಮಾರು 5,900 ಚದರ ಮೀಟರ್ ಕಟ್ಟಬೇಕು. ಚದರ ಮೀಟರಿಗೆ 20,000 ರೂಪಾಯಿಯಂತೆ ಖರ್ಚು ಹತ್ತಿರ ಹತ್ತಿರ 12 ಕೋಟಿ. ಈ 12 ಕೋಟಿಯನ್ನು ಕಟ್ಟಡಗಾರ ಮಾರುವ ಮನೆಗಳಿಂದಲೇ ಎತ್ತಬೇಕು. ನದಿಯಾಚೆ, ಜಮೀನು ದುಬಾರಿಯಾದ ಕಡೆ, ಮಾರುವ ಮನೆಯಲ್ಲಿ ಕಟ್ಟುವ ಖರ್ಚು ಕಳೆದು ಚದರ ಮೀಟರಿಗೆ 20,000 ಉಳಿಯಿತು ಎನ್ನಿ. ಆಗ ಅವನು 6,000 ಚದರ ಮೀಟರ್ ಹೆಚ್ಚಿಗೆ ಕಟ್ಟಿದರೆ ಲೆಕ್ಕ ಸರಿಹೋಯಿತು. ಪೂರ್ವದ ಕೈಗಾರಿಕಾ ಅಂಚಿನಲ್ಲಿ ಉಳಿಯುವುದು 5,000 ಮಾತ್ರ ಎನ್ನಿ. ಆಗ 24,000 ಚದರ ಮೀಟರ್ ಕಟ್ಟಿ ಮಾರಬೇಕು. ಅದೇ ಜಾಗ, ಅದೇ ರಸ್ತೆ, ಅದೇ ಒಳಚರಂಡಿ, ಮಾರಾಟಕ್ಕೆ ನಾಲ್ಕು ಪಟ್ಟು ಕಟ್ಟಡ. ಬಾಡಿಗೆ, ಬಡ್ಡಿ, ಲಾಭ ಇನ್ನೂ ಸೇರಿಸಿಲ್ಲ.

ಹೀಗಿರುವಾಗ ಟೆಂಡರ್ ಕರೆದರೆ ಕಟ್ಟಡಗಾರ ಮೊದಲು ಯಾವ ಕಾಲೊನಿಗೆ ಹೋಗುತ್ತಾನೆ? ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅವನದು ವ್ಯಾಪಾರ. ಜಮೀನಿನ ಬೆಲೆಯನ್ನೇ ನಂಬಿದ ಯೋಜನೆ, ಜಮೀನಿಗೆ ಬೆಲೆ ಇರುವ ಕಡೆ ಮೊದಲು ಓಡುತ್ತದೆ. ತಾರಸಿ ಮೊದಲು ಬೀಳುವುದು ಬೇರೆ ಕಡೆ. ತುಕ್ಕಿಗೆ ಜಮೀನಿನ ಬೆಲೆ ಗೊತ್ತಿಲ್ಲ. ಆದ್ದರಿಂದ ನರೋಡಾದಂಥ ಕಡೆಗಳಲ್ಲಿ ಗೃಹ ಮಂಡಳಿ ತನ್ನ ಕೈಯಿಂದ ಹಣ ಹಾಕಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನದಿಯಾಚೆಯ ಒಂದು ಕಾಲೊನಿಯಲ್ಲಿ ಮಂಡಳಿಗೆ ಉಳಿತಾಯ ಬಂದರೆ ಅದನ್ನು ಪೂರ್ವಕ್ಕೆ ತಿರುಗಿಸಬೇಕು. ಕಾಲೊನಿ ಕಾಲೊನಿಗೂ ಬೇರೆ ಬೇರೆ ಲೆಕ್ಕ ಇಟ್ಟು, ಪ್ರತಿಯೊಂದೂ ತನ್ನ ಕಾಲಮೇಲೆ ನಿಲ್ಲಲಿ ಎಂದರೆ ಕುಂಟುವ ಕಾಲೊನಿ ಕುಂಟುತ್ತಲೇ ಇರುತ್ತದೆ.

ಇನ್ನು ಯಾರು ನಿವಾಸಿ ಎಂಬ ಪ್ರಶ್ನೆ. 1970ರ ದಶಕದಲ್ಲಿ ಮನೆ ಹಂಚಿಕೆಯಾದವರ ಹೆಸರು ಮಂಡಳಿಯ ಪುಸ್ತಕದಲ್ಲಿರುತ್ತದೆ. ಅವರು ಎಂದೋ ಮುಖ್ತ್ಯಾರ್‌ನಾಮೆ ಬರೆದುಕೊಟ್ಟು ಮನೆ ಮಾರಿರುತ್ತಾರೆ. ಕೊಂಡವರು ಇನ್ನೊಬ್ಬರಿಗೆ ಮಾರಿರುತ್ತಾರೆ. ಮೂಲ ಹಂಚಿಕೆದಾರರು ತೀರಿಕೊಂಡು, ಮಕ್ಕಳು ನಾಲ್ಕು ಊರಲ್ಲಿ ಹರಿದುಹೋಗಿರುತ್ತಾರೆ. ಕಂತು ಬಾಕಿ, ಅದಕ್ಕೆ ದಂಡ, ದಂಡಕ್ಕೆ ಬಡ್ಡಿ. ಈ ಗಂಟು ಬಿಚ್ಚಲೆಂದೇ ಅಲ್ಲಿನ ಸರ್ಕಾರ ದಂಡಬಡ್ಡಿಯಲ್ಲಿ ರಿಯಾಯಿತಿ ಕೊಟ್ಟದ್ದುಂಟು. ಒಳ್ಳೆಯ ಕೆಲಸ. ಇಂಥ ಮನೆಗಳಲ್ಲಿ ಬಾಡಿಗೆಗೆ ಇರುವವರ ಮಾತು ಬಂದರೆ ಕಾಗದದಲ್ಲಿ ಅವರ ಸುಳಿವೇ ಇರುವುದಿಲ್ಲ. ಹದಿನೈದು ವರ್ಷದಿಂದ ಅದೇ ಮನೆಯಿಂದ ಕಾರ್ಖಾನೆಯ ಪಾಳಿಗೆ ಹೋಗುವವರು, ಅದೇ ಗೇಟಿನ ಎದುರಿನ ಶಾಲೆಗೆ ಮಕ್ಕಳನ್ನು ಕಳಿಸುವವರು, ಪುನರಾಭಿವೃದ್ಧಿಯ ದಿನ ಸಾಮಾನು ಕಟ್ಟುತ್ತಾರೆ. ಅವರ ಮಾತು ಯಾವ ಸಭೆಯ ನಡಾವಳಿಯಲ್ಲೂ ನನಗೆ ಕಂಡಿಲ್ಲ.

ಈಗ ನರೋಡಾ ರಸ್ತೆಯಲ್ಲೇ ನಡೆದ ಒಂದು ಪ್ರಯೋಗದ ಕಡೆ ಬರುತ್ತೇನೆ. ಇದರ ಬಗ್ಗೆ ಮಾತಾಡುವುದಕ್ಕೆ ನನಗೆ ಉತ್ಸಾಹ ಹೆಚ್ಚು, ಕ್ಷಮಿಸಿ. ಅರವಿಂದ್ ಮಿಲ್ಸ್ ಹತ್ತಿರದ ಪೋಟಲಿಯಾದಲ್ಲಿ ಸಂಜಯನಗರ ಎಂಬ ಕೊಳಚೆ ಬಡಾವಣೆ. 181 ಕುಟುಂಬ. 1995ರಲ್ಲಿ ಅಹಮದಾಬಾದ್ ನಗರಪಾಲಿಕೆ 'ಪರಿವರ್ತನ್' ಹೆಸರಿನಲ್ಲಿ ಕೈಗೆತ್ತಿಕೊಂಡ ಕಾರ್ಯಕ್ರಮಕ್ಕೆ ಇದು ಮೊದಲ ಮಾದರಿ. ಇದರ ಹಿಂದಿನ ವಿಚಾರ ಇಂಜಿನಿಯರ್ ಹಿಮಾಂಶು ಪಾರಿಖ್ ಅವರದು. ಇಂದೋರಿನಲ್ಲಿ ಅದನ್ನು ಆಗಲೇ ಮಾಡಿ ನೋಡಿದ್ದರು. ಕೊಳಚೆ ಬಡಾವಣೆಗಳು ಹೆಚ್ಚಾಗಿ ಇರುವುದು ತಗ್ಗಿನಲ್ಲಿ, ಹಳ್ಳದ ಅಂಚಿನಲ್ಲಿ. ನಗರದ ನೀರು ತಾನಾಗಿ ಹರಿಯುವ ದಾರಿಯೂ ಅದೇ. ಹಾಗಿರುವಾಗ ಆ ಬಡಾವಣೆಗಳನ್ನು ಊರಿನ ಒಳಚರಂಡಿ ಜಾಲಕ್ಕೆ ಕೂಡಿಸಿದರೆ ಇಡೀ ಊರಿಗೇ ಅನುಕೂಲ ಎಂಬುದು ಅವರ ತರ್ಕ. ಕೆಡವಿ ಓಡಿಸುವುದಲ್ಲ, ಜೋಡಿಸಿಕೊಳ್ಳುವುದು.

ಸಂಜಯನಗರದಲ್ಲಿ ಮನೆಮನೆಗೆ ನಲ್ಲಿ, ಮನೆಮನೆಗೆ ಪಾಯಿಖಾನೆ, ಒಳಚರಂಡಿ, ಮಳೆನೀರಿನ ಕಾಲುವೆ, ಕಲ್ಲು ಹಾಸಿದ ಓಣಿ, ಬೀದಿದೀಪ ಬಂದವು. ಮನೆಯೊಳಗಿನ ಮತ್ತು ಓಣಿಯ ಕೆಲಸದ ಖರ್ಚನ್ನು ಮೂವರು ಹಂಚಿಕೊಳ್ಳುವುದೆಂದು ಗೊತ್ತಾಗಿತ್ತು: ಪ್ರತಿ ಕುಟುಂಬ 2,000 ರೂಪಾಯಿ, ಉದ್ಯಮ ಅಷ್ಟೇ, ನಗರಪಾಲಿಕೆ ಅಷ್ಟೇ. ಇದರ ಮೇಲೆ ಓಣಿಯ ನಿರ್ವಹಣೆಗೆಂದು ಮನೆಗೆ 100 ರೂಪಾಯಿ. ಉದ್ಯಮದ ಪಾಲು ಅರವಿಂದ್ ಮಿಲ್ಸ್‌ನ ಶಾರದಾ ಟ್ರಸ್ಟಿನದು. ಜನರ ನಡುವೆ ನಿಂತು ಕೆಲಸ ಮಾಡಿದ್ದು 'ಸಾಥ್' ಎಂಬ ಸ್ವಯಂಸೇವಾ ಸಂಸ್ಥೆ. 2,100 ರೂಪಾಯಿ ಒಂದೇ ಸಲ ಕೊಡಲಾಗದವರಿಗೆ ಸೇವಾ ಬ್ಯಾಂಕಿನ ಸಾಲ. 1974ರಲ್ಲಿ ಸ್ವಂತ ದುಡಿಮೆಯ ಹೆಂಗಸರು ಹತ್ತು ಹತ್ತು ರೂಪಾಯಿ ಹಾಕಿ ಕಟ್ಟಿದ ಬ್ಯಾಂಕು ಅದು.

ಇದೆಲ್ಲಕ್ಕಿಂತ ಬೆಲೆಬಾಳುವಂಥದ್ದು ಇನ್ನೊಂದಿತ್ತು. ಹತ್ತು ವರ್ಷ ನಿಮ್ಮನ್ನು ಇಲ್ಲಿಂದ ಎಬ್ಬಿಸುವುದಿಲ್ಲ ಎಂದು ನಗರಪಾಲಿಕೆ ಕೊಟ್ಟ ಭರವಸೆ. ಪಟ್ಟಾ ಅಲ್ಲ, ಒಡೆತನ ಅಲ್ಲ; ಕೇವಲ ಹತ್ತು ವರ್ಷದ ಮಾತು. ಅಷ್ಟಕ್ಕೇ ಜನ ತಮ್ಮ ಕಾಸು ತೆಗೆದರು. ತಗಡಿನ ಗೋಡೆ ಇಟ್ಟಿಗೆಯದಾಯಿತು, ನೆಲಕ್ಕೆ ಕಲ್ಲು ಬಂತು, ಕೆಲವರು ಮೇಲೊಂದು ಕೋಣೆ ಎತ್ತಿದರು. ಅದಕ್ಕೆ ಯಾರೂ ಅನುದಾನ ಕೊಟ್ಟಿರಲಿಲ್ಲ. ನಾಳೆ ಬುಲ್ಡೋಜರ್ ಬರುವುದಿಲ್ಲ ಎಂದು ಗೊತ್ತಾದ ಮನುಷ್ಯ ಇವತ್ತೇ ಇಟ್ಟಿಗೆ ಕೊಳ್ಳುತ್ತಾನೆ. ಆ ಓಣಿಗಳಲ್ಲಿ ನಡೆದಾಗ ನನಗೆ ಎದ್ದು ಕಂಡದ್ದು ಹೊಸ್ತಿಲುಗಳು. ಓಣಿಯ ಮಟ್ಟ ಎತ್ತರಿಸಿದ ಮೇಲೆ ಪ್ರತಿಯೊಬ್ಬರೂ ತಮ್ಮ ಹೊಸ್ತಿಲನ್ನು ತಾವೇ ಎತ್ತಿ ಕಟ್ಟಿಕೊಂಡಿದ್ದರು, ಒಂದೊಂದಕ್ಕೂ ಒಂದೊಂದು ಬಣ್ಣದ ಟೈಲ್ಸ್ ಚೂರು.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಲಾರೆ. ಕೆಲಸ ತಡವಾಯಿತು, ಖರ್ಚು ಅಂದಾಜನ್ನು ಮೀರಿತು, ಮೊದಲ ಬಡಾವಣೆಯ ನಂತರ ಉದ್ಯಮ ಹಿಂದೆ ಸರಿಯಿತು. ನಗರಪಾಲಿಕೆ ಸ್ವಯಂಸೇವಾ ಸಂಸ್ಥೆಗಳ ಜೊತೆ ಹತ್ತಾರು ಬಡಾವಣೆಗೆ ಅದನ್ನು ಒಯ್ದಿತು. 2005ರಲ್ಲಿ ಕೇಂದ್ರದ ದೊಡ್ಡ ನಗರ ನವೀಕರಣ ಯೋಜನೆ ಬಂದ ಮೇಲೆ ಹಣದ ದಾರಿ ಬದಲಾಗಿ, ಬಹುಮಹಡಿ ಕಟ್ಟಡಗಳ ಕಡೆ ಎಲ್ಲರ ಕಣ್ಣು ಹೊರಳಿತು. ನದೀತೀರದ ಉದ್ಯಾನಕ್ಕಾಗಿ ಸಾಬರಮತಿ ದಂಡೆಯಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳಿಗೆ ವಟವಾ ಮುಂತಾದ ಅಂಚಿನ ಕಡೆ ಫ್ಲ್ಯಾಟು ಸಿಕ್ಕಿತು. ಅದೂ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಫ್ಲ್ಯಾಟು ಸಿಗುವ ತನಕ ಕೆಲವರು ಪಿಪಲಜದ ಹತ್ತಿರದ ಬಯಲಿನಲ್ಲಿ ಗುಡಾರ ಹಾಕಿಕೊಂಡು ಮಳೆಗಾಲಗಳನ್ನು ಕಳೆದರು. ನದಿಯ ಪಕ್ಕದ ಬಜಾರಿನಲ್ಲಿ ದಿನದ ವ್ಯಾಪಾರ ಮಾಡುತ್ತಿದ್ದ ಹೆಂಗಸಿಗೆ ಹತ್ತು ಕಿಲೋಮೀಟರ್ ಆಚೆಯ ಫ್ಲ್ಯಾಟಿನಿಂದ ಬಂದುಹೋಗುವ ರಿಕ್ಷಾ ಬಾಡಿಗೆಯೇ ಗಳಿಕೆಯನ್ನು ತಿಂದುಹಾಕುತ್ತದೆ.

ಜನರನ್ನು ಇದ್ದಲ್ಲೇ ಉಳಿಸಿಕೊಂಡು ಊರನ್ನು ಸುಧಾರಿಸಬೇಕು ಎಂಬುದು ಹೊಸ ತಿಳಿವಳಿಕೆಯೇನೂ ಅಲ್ಲ. ನೂರು ವರ್ಷದ ಹಿಂದೆ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ಪಂಡಿತ ನಮ್ಮ ದೇಶದ ಊರೂರು ಸುತ್ತಿದ್ದ. ಅಹಮದಾಬಾದಿಗೂ ಬಂದಿದ್ದ; ಬರೋಡಾ ನಗರದ ಬೆಳವಣಿಗೆಯ ಬಗ್ಗೆ 1916ರಲ್ಲಿ ವರದಿ ಬರೆದ. ಕೊಳಕು ಓಣಿಯನ್ನು ಉದ್ದಕ್ಕೂ ಸೀಳಿ ಅಗಲ ರಸ್ತೆ ಮಾಡುವುದು ಆ ಕಾಲದ ಇಂಜಿನಿಯರುಗಳ ಪದ್ಧತಿ. 1896ರ ಪ್ಲೇಗಿನ ನಂತರ ಮುಂಬಯಿಯಲ್ಲಿ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದ್ದೂ ಅದನ್ನೇ. ಗೆಡ್ಡೆಸ್ ಹೇಳಿದ್ದು ಬೇರೆ. ಬೀಳುವ ಒಂದೆರಡು ಮನೆ ತೆಗೆಯಿರಿ, ಅಲ್ಲಿ ಬೆಳಕು ಗಾಳಿ ಬರಲಿ, ಒಂದು ಮರ ನೆಡಿ, ಉಳಿದ ಮನೆ ಉಳಿಯಲಿ. ನಮ್ಮಲ್ಲಿ 1898ರ ಪ್ಲೇಗಿಗೆ ಬೆಂಗಳೂರು ಕೊಟ್ಟ ಉತ್ತರ ಮಲ್ಲೇಶ್ವರ, ಬಸವನಗುಡಿ. 1903ರಲ್ಲಿ ಮೈಸೂರಿಗೂ ನಗರಾಭಿವೃದ್ಧಿ ಟ್ರಸ್ಟ್ ಬಂತು. ಹೊಸ ಬಡಾವಣೆ ಕಟ್ಟುವುದರಲ್ಲಿ ನಮಗೆ ಹಳೆಯ ಅನುಭವವಿದೆ. ಹಳೆಯದನ್ನು, ಅಲ್ಲಿನ ಜನರ ಸಮೇತ, ಹೊಸದು ಮಾಡುವ ಅನುಭವ ಕಡಿಮೆ.

ನಮ್ಮ ಮನೆಯ ಮಾತು ಬಿಟ್ಟು ಗುಜರಾತನ್ನು ಮಾತ್ರ ಆಡಿಕೊಂಡರೆ ಅನ್ಯಾಯವಾದೀತು. ಬೆಂಗಳೂರಿನ ಈಜಿಪುರದಲ್ಲಿ, ಕೋರಮಂಗಲದ ಮಗ್ಗುಲಲ್ಲಿ, ಆರ್ಥಿಕವಾಗಿ ದುರ್ಬಲರಿಗೆಂದು ಕಟ್ಟಿದ್ದ 1,512 ಮನೆಗಳಿದ್ದವು. ಬ್ಲಾಕುಗಳು ಬೇಗನೆ ಹಾಳಾದವು, ಒಂದೆರಡು ಕುಸಿದವು. ಜಾಗ ಸುಮಾರು 15 ಎಕರೆ. ಅದನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಟ್ಟು ಮನೆ ಮತ್ತು ವಾಣಿಜ್ಯ ಸಂಕೀರ್ಣ ಎರಡನ್ನೂ ಕಟ್ಟುವುದೆಂದಾಯಿತು. 2013ರ ಜನವರಿಯ ಚಳಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಅಲ್ಲಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಮೂಲ ಹಂಚಿಕೆದಾರರು ಯಾರು, ಬಾಡಿಗೆಯವರು ಯಾರು, ಕೊಂಡವರು ಯಾರು ಎಂಬ ಜಗಳ ಅಲ್ಲೂ ಇತ್ತು. ಎಷ್ಟೋ ಕುಟುಂಬಗಳು ತಗಡು, ಟಾರ್ಪಾಲು ಕಟ್ಟಿಕೊಂಡು ಅದೇ ಕಾಂಪೌಂಡ್ ಗೋಡೆಗೆ ಒರಗಿ ಪಾದಚಾರಿ ದಾರಿಯಲ್ಲೇ ವರ್ಷಗಟ್ಟಲೆ ಇದ್ದರು. ಗೋಡೆಯ ಒಳಗೆ ಜಾಗ ಖಾಲಿ ಬಿದ್ದಿತ್ತು.

ಕೊನೆಯದಾಗಿ ಹೇಳಬೇಕಾದ ಒಂದು ಮಾತು ಕಷ್ಟದ್ದು. ನರೋಡಾ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ನರೋಡಾ ಪಾಟಿಯಾ. 2002ರ ಫೆಬ್ರವರಿ 28ರಂದು, ಗುಜರಾತಿನ ಕೋಮು ಹಿಂಸೆಯಲ್ಲಿ, ಅಲ್ಲಿ 97 ಜನರನ್ನು ಕೊಂದರು. ಅಲ್ಲಿನ ಓಣಿಗಳಲ್ಲಿ ಇದ್ದವರಲ್ಲಿ ಅನೇಕರು ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಕೂಲಿಗೆ ಹೋದ ಮುಸ್ಲಿಂ ಕುಟುಂಬದವರು. ನಮ್ಮ ನಾಡಿನವರು. ಸಂಜಯನಗರದಂಥ ಓಣಿಗಳಲ್ಲಿ, ಹೌಸಿಂಗ್‌ನಂಥ ಬ್ಲಾಕುಗಳ ಆಸುಪಾಸಿನಲ್ಲಿ, ಇಟ್ಟಿಗೆಗೆ ಇಟ್ಟಿಗೆ ಸೇರಿಸಿ ಕಟ್ಟಿಕೊಂಡ ಮನೆಗಳು ಸುಟ್ಟುಹೋದವು. ಪರಿಹಾರ ಶಿಬಿರದ ನಂತರ ಕೆಲವರು ಧೈರ್ಯ ಮಾಡಿ ಮರಳಿದರು. ಅನೇಕರು ಮರಳಲಿಲ್ಲ. ಅವರಲ್ಲಿ ಕೆಲವರು ಇಂದಿಗೂ ಇರುವುದು ಪಿರಾಣಾದ ಕಸದ ಗುಡ್ಡದ ಬುಡದ ಸಿಟಿಜನ್ ನಗರದಲ್ಲಿ. ತಾತ್ಕಾಲಿಕ ನೆರಳೆಂದು ದಾನಿಗಳು ಕಟ್ಟಿಕೊಟ್ಟ ಮನೆಗಳವು. ಕಟ್ಟಡ ಬಿದ್ದು ಮನೆ ಕಳೆದುಕೊಂಡವರನ್ನೂ ದ್ವೇಷಕ್ಕೆ ಮನೆ ಕಳೆದುಕೊಂಡವರನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಒಂದು ನಗರದ ಪುನರುಜ್ಜೀವನದ ಬಗ್ಗೆ, ನರೋಡಾದ ಹೆಸರೆತ್ತಿ ಮಾತಾಡುವಾಗ, ಮರಳಲಾಗದವರ ಬಗ್ಗೆ ಮೌನವಾಗಿರಲು ನನ್ನಿಂದ ಆಗುವುದಿಲ್ಲ. ಅವರ ಮನೆಯನ್ನು ಮತ್ತೆ ಎತ್ತಿಕೊಡಲು, ಅವರು ಅಲ್ಲಿ ನಿರ್ಭಯವಾಗಿ ಇರುವಂತೆ ಮಾಡಲು ಯಾವ ಮಂಡಳಿಯೂ ನಕ್ಷೆ ಬರೆಯಲಿಲ್ಲ.

ನಮ್ಮ ಗೃಹ ಮಂಡಳಿಯ ಹಳೆಯ ಕಾಲೊನಿಗಳಿಗೂ ವಯಸ್ಸಾಗುತ್ತಿದೆ. ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ, ಬೆಂಗಳೂರಿನಲ್ಲಿ ನನ್ನ ಸುತ್ತಿಗೆಗೆ ಬೊದ್ ಎನ್ನುವ ತಾರಸಿಗಳು ಸಿಗತೊಡಗಿವೆ. ಅವನ್ನು ಕೆಡವಿ ಕಟ್ಟುವ ಕೆಲಸ ಶುರುವಾಗುವಾಗ ನಾನು ಬೇಡುವುದು ದೊಡ್ಡದೇನಲ್ಲ. ನಕ್ಷೆಗಿಂತ ಮೊದಲು ಹೆಸರುಗಳ ಪಟ್ಟಿಯಾಗಲಿ. ಪ್ರತಿ ಬಾಗಿಲಿನ ಹಿಂದೆ ನಿಜವಾಗಿ ಯಾರಿದ್ದಾರೆ, ಹಂಚಿಕೆದಾರರೇ, ಕೊಂಡವರೇ, ಬಾಡಿಗೆಯವರೇ, ಬರೆದುಕೊಳ್ಳಲಿ. ಅವರು ಓದಬಲ್ಲ ಭಾಷೆಯಲ್ಲಿ ಅದನ್ನು ಗೇಟಿಗೆ ಹಚ್ಚಲಿ. ಪ್ರತಿ ಹೆಸರಿನ ಎದುರು ಎರಡು ಅಂಕಣ: ಕಟ್ಟುವವರೆಗೆ ಇರುವ ವಿಳಾಸ, ಮತ್ತು ಮರಳುವ ತಾರೀಖು. ತಾರೀಖು ತಪ್ಪಿದರೆ ತಿಂಗಳ ಬಾಡಿಗೆಯನ್ನು ಕಟ್ಟಡಗಾರನ ಬದಲು ಮಂಡಳಿಯೇ ಕೊಡಲಿ. ಅವನಿಂದ ವಸೂಲಿ ಮಾಡುವ ತಲೆನೋವು ಮಂಡಳಿಗಿರಲಿ. ಹೊಸ ಕಟ್ಟಡದ ಲಿಫ್ಟು, ಪಂಪು, ಕಾವಲಿನ ತಿಂಗಳ ಖರ್ಚು ಎಷ್ಟೆಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಹೇಳಲಿ. ತಿಂಗಳಿಗೆ ಎರಡು ಸಾವಿರ ನಿರ್ವಹಣಾ ವೆಚ್ಚ ಬಂದರೆ, ಉಚಿತವಾಗಿ ಸಿಕ್ಕ ಹನ್ನೆರಡನೇ ಮಹಡಿಯ ಮನೆಯನ್ನು ಮಾರಿ ಹೊರಟುಹೋಗುವವರೇ ಹೆಚ್ಚು.

ನನ್ನ ತಪಾಸಣೆಯ ನಮೂನೆಯಲ್ಲಿ ಈಗ ಒಂದು ಅಂಕಣ ಸೇರಿಸಿಕೊಂಡಿದ್ದೇನೆ. ತೊಲೆ, ಕಂಬ, ಸಜ್ಜಾ, ಟಾಕಿ ಆದ ಮೇಲೆ ಕೊನೆಯ ಸಾಲು: ಇಲ್ಲಿ ಇರುವವರು, ಎಷ್ಟು ವರ್ಷದಿಂದ, ಎಲ್ಲಿ ಕೆಲಸ. ಅದನ್ನು ತುಂಬಲು ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಮನೆಯವರು ಚಹಾ ಮಾಡುತ್ತಾರೆ, ಕೂತು ಬರೆದುಕೊಳ್ಳುತ್ತೇನೆ.